ಕಪಾಟಿನಲ್ಲಿ ಬೆಸುಗೆ ಹಾಕಿದ ಚಳಿಗಾಲ

ಕಳೆದ ತಿಂಗಳು ಕಿಂಗ್ಸ್‌ಬರಿಗೆ ಹೋಗಿದ್ದೆ. ನಾವು ಆ ಕಡೆಯ ಮನೆ ಬಿಟ್ಟು ಬಹಳ ವರ್ಷವಾಯಿತು; ಈಗ ಹೋಗುವುದು ತರಕಾರಿಗೆ, ಅದೂ ಅಪರೂಪಕ್ಕೆ. ಮೆಂತ್ಯದ ಕಟ್ಟು, ಹೀರೇಕಾಯಿ ಚೀಲಕ್ಕೆ ಹಾಕಿಕೊಂಡು ಟ್ಯೂಬ್ ರೈಲು ಸ್ಟೇಷನ್ನಿನತ್ತ ನಡೆಯುವಾಗ ಮೊಬೈಲ್ ರಿಪೇರಿಯ ಒಂದು ಗೂಡಂಗಡಿ ಸಿಕ್ಕಿತು. ಒಳಗೆ ಯಾರೋ ತಲೆ ತಗ್ಗಿಸಿ ಸೋಲ್ಡರಿಂಗ್ ಮಾಡುತ್ತಿದ್ದರು. ಕಾದ ಸೀಸದ ಜೊತೆ ರಾಳ ಸುಟ್ಟ ವಾಸನೆ ಫುಟ್‌ಪಾತಿನವರೆಗೂ ಬಂತು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಹಿಂದೆ ತಿರುಗಿ ನೋಡಿದೆ, ಯಾರಾದರೂ ನನ್ನನ್ನು ಗಮನಿಸುತ್ತಿದ್ದಾರೆಯೇ ಎಂದು. ಅಂಗಡಿ ಇನ್ನೊಬ್ಬರದು, ಕೆಲಸ ಇನ್ನೊಬ್ಬರದು, ಕೈಯಲ್ಲಿದ್ದದ್ದು ಮೆಂತ್ಯದ ಸೊಪ್ಪು. ಆದರೂ ಬೇಗ ಬೇಗ ಹೆಜ್ಜೆ ಹಾಕಿದೆ.

ಹೀಗೆ ತಿರುಗಿ ನೋಡುವ ಅಭ್ಯಾಸ ನನಗೆ ಹತ್ತಿದ್ದು ಎರಡು ಸಾವಿರದ ನಾಲ್ಕರ ಚಳಿಗಾಲದಲ್ಲಿ, ಅದೇ ಸ್ಟೇಷನ್ನಿನಿಂದ ಹತ್ತು ನಿಮಿಷ ದೂರದ ನಗರಸಭೆಯ, ಅಂದರೆ ಕೌನ್ಸಿಲಿನ, ಒಂದು ಬಾಡಿಗೆ ಕಟ್ಟಡದ ಐದನೆಯ ಮಹಡಿಯಲ್ಲಿ. ಮನೆಯಲ್ಲಿ ಮೂವರಿದ್ದೆವು: ನಾನು, ನಮ್ಮ ಯಜಮಾನರು ಗುರುರಾಜ, ಆರು ವರ್ಷದ ಮಗಳು ಮೇಘಾ. ನಾವಿಬ್ಬರೂ ಧಾರವಾಡದವರು. ಅವರಿಗೆ ಒಂದು ಸೂಪರ್‌ಮಾರ್ಕೆಟ್ಟಿನ ಗೋದಾಮಿನಲ್ಲಿ ಬೆಳಗಿನ ಪಾಳಿಯ ಕೆಲಸ. ಮೇಘಾ ಹುಟ್ಟುವಾಗ ಉಸಿರು ಸಿಗದೆ ಮೆದುಳಿಗೆ ಪೆಟ್ಟಾಗಿತ್ತು. ಕೈಕಾಲು ಬಿಗಿ, ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಮನೆಯಲ್ಲಿ ನಾವಾಡುವ ಕನ್ನಡ, ನಮ್ಮ ಜಗಳವೂ ಸೇರಿ, ಅವಳಿಗೆ ಪೂರ್ತಿ ತಿಳಿಯುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಒಂದೊಂದೇ ಶಬ್ದ. 'ನೋ' ಅನ್ನುವುದನ್ನು ಅವಳಷ್ಟು ಖಡಾಖಂಡಿತವಾಗಿ ಹೇಳುವವರನ್ನು ನಾನು ನೋಡಿಲ್ಲ.

ಆ ಕಟ್ಟಡದ ಲಿಫ್ಟು ಆಗಾಗ ಕೆಟ್ಟು ನಿಲ್ಲುತ್ತಿತ್ತು. ಆಗ ಗುರುರಾಜ ಮಗಳನ್ನು ಎತ್ತಿಕೊಂಡು, ನಾನು ಕುರ್ಚಿ ಮಡಚಿಕೊಂಡು ಐದು ಮಹಡಿ ಹತ್ತುತ್ತಿದ್ದೆವು. ಅವಳು ಬೆಳೆಯುತ್ತಿದ್ದಳು, ಅವರ ಸೊಂಟ ಸೋಲುತ್ತಿತ್ತು. ನೆಲಮಹಡಿಯ ಫ್ಲ್ಯಾಟು ಬೇಕೆಂದು ಕೌನ್ಸಿಲಿನ ಹೌಸಿಂಗ್ ಆಫೀಸಿಗೆ ಅರ್ಜಿ ಕೊಟ್ಟು ಕಾಯುತ್ತಿದ್ದೆವು. ನಮ್ಮ ಕಟ್ಟಡದಲ್ಲೇ ಕೆಳಗೊಂದು ಮನೆ ಖಾಲಿಯಾಗಲಿದೆ ಎಂಬ ಸುದ್ದಿ ಆ ಅಕ್ಟೋಬರಿನಿಂದ ಓಡಾಡುತ್ತಿತ್ತು. ನಮ್ಮ ಬದುಕಿನ ಎಲ್ಲ ಲೆಕ್ಕಾಚಾರ ಆ ಒಂದು ಮನೆಯ ಸುತ್ತ ಸುತ್ತುತ್ತಿತ್ತು.

ಕಪಾಟಿನ ಕಥೆ ಶುರುವಾದದ್ದು ಒಂದು ಆಟಿಕೆ ನಾಯಿಯಿಂದ. ಹೊಟ್ಟೆಯ ಕೆಳಗಿನ ಸಣ್ಣ ಗುಂಡಿ ಸರಿಸಿದರೆ ನಡೆದುಕೊಂಡು ಬೊಗಳುವ ನಾಯಿ. ಮೇಘಾಳ ಬಿಗಿದ ಬೆರಳಿಗೆ ಆ ಗುಂಡಿ ಸಿಗುತ್ತಿರಲಿಲ್ಲ. ನಾನು ಆಡಿಸಬೇಕು, ಅವಳು ನೋಡಬೇಕು. ಎರಡು ದಿನ ನೋಡಿದಳು, ಮೂರನೆಯ ದಿನ ಮುಖ ತಿರುಗಿಸಿದಳು. ಅವಳ ಶಾಲೆಯಲ್ಲಿ ಇಂಥ ಮಕ್ಕಳಿಗೆಂದೇ ಮಾಡಿದ ಆಟಿಕೆಗಳಿದ್ದವು. ತಟ್ಟೆಯಷ್ಟು ದೊಡ್ಡ ಗುಂಡಿ, ಅಂಗೈಯಿಂದಲೋ ಮೊಣಕೈಯಿಂದಲೋ ಹೇಗೆ ತಾಗಿದರೂ ಸಾಕು. ಅವನ್ನು ಮನೆಗೆ ಕೊಡುತ್ತಿರಲಿಲ್ಲ, ಕೊಳ್ಳುವ ಶಕ್ತಿ ನಮಗಿರಲಿಲ್ಲ. ಒಮ್ಮೆ ಶಾಲೆಗೆ ಹೋದಾಗ ಅಂಥ ಗುಂಡಿಯೊಂದನ್ನು ಮಗುಚಿ ನೋಡಿದೆ. ಒಳಗಿದ್ದದ್ದು ಎರಡು ತಂತಿ, ಒಂದು ಸ್ವಿಚ್ಚು. ಹುಬ್ಬಳ್ಳಿಯ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷ ಎಲೆಕ್ಟ್ರಾನಿಕ್ಸ್ ಓದಿ, ಡಿಪ್ಲೊಮಾ ಕಾಗದವನ್ನು ಮದುವೆಯ ಟ್ರಂಕಿನಲ್ಲಿಟ್ಟು ಬಂದವಳು ನಾನು. ಇದು ನನ್ನಿಂದ ಆಗುತ್ತದೆ ಅನ್ನಿಸಿತು.

ಜಾಗ ಎಲ್ಲಿ? ಇರುವುದು ಒಂದು ಬೆಡ್‌ರೂಮು, ಒಂದು ಹಾಲು. ಹಾಲಿನ ತುಂಬ ಮೇಘಾಳ ಕುರ್ಚಿ, ನಿಲ್ಲುವ ಚೌಕಟ್ಟು, ಹಾಸಿಗೆ. ಮುಂಬಾಗಿಲ ಪಕ್ಕದಲ್ಲೊಂದು ಗೋಡೆ ಕಪಾಟಿತ್ತು, ಒಬ್ಬರು ನಿಲ್ಲುವಷ್ಟು ಆಳದ್ದು. ಅದರಲ್ಲಿ ಕರೆಂಟ್ ಮೀಟರು, ಕಸ ಹೀರುವ ಹೂವರ್ರು, ಊರಿಂದ ಬಂದ ಸೂಟ್‌ಕೇಸುಗಳು. ಸೂಟ್‌ಕೇಸುಗಳನ್ನು ಮಂಚದ ಕೆಳಗೆ ತಳ್ಳಿದೆ, ಹೂವರನ್ನು ಬಾತ್‌ರೂಮಿಗೆ ಸಾಗಿಸಿದೆ. ಸೊಂಟದೆತ್ತರದ ಹಲಗೆಯನ್ನು ಒರೆಸಿ ಅದರ ಮೇಲೆ ಅಡುಗೆಮನೆಯ ಕಳಚಿದ ಎರಡು ಟೈಲ್ಸ್ ಇಟ್ಟೆ, ಕಾದ ಸೋಲ್ಡರಿಂಗ್ ಐರನ್ ಮರಕ್ಕೆ ತಾಗದಿರಲೆಂದು. ಜಾಮ್ ಬಾಟಲಿಗಳಲ್ಲಿ ಸ್ಕ್ರೂ, ಉಪ್ಪಿನಕಾಯಿ ಬಾಟಲಿಯಲ್ಲಿ ತಂತಿಯ ತುಂಡು. ಹಾಸಿಗೆಯ ಬಳಿಯ ದೀಪವನ್ನು ಮೊಳೆಗೆ ತೂಗುಹಾಕಿ, ಹಾಲಿನಿಂದ ಎಕ್ಸ್‌ಟೆನ್ಶನ್ ಎಳೆದು, ಮೋಟು ಸ್ಟೂಲೊಂದನ್ನು ಒಳಗಿಟ್ಟಾಗ ನನಗೊಂದು ಆಫೀಸು ಆಯಿತು. ಬಾಗಿಲ ಒಳಮೈಗೆ ಇಕ್ಕಳ, ಕತ್ತರಿ, ಸ್ಕ್ರೂಡ್ರೈವರುಗಳನ್ನು ಎಲಾಸ್ಟಿಕ್ ಪಟ್ಟಿ ಬಡಿದು ಸಿಕ್ಕಿಸಿದೆ. ಮದುವೆಯಾದ ಮೇಲೆ ನನ್ನದು ಅಂತ ಒಂದು ಜಾಗ ಆದದ್ದು ಅದೇ ಮೊದಲು.

ನಾಯಿಯ ಹೊಟ್ಟೆ ಬಿಚ್ಚಿ, ಸ್ವಿಚ್ಚಿನ ಎರಡು ತುದಿಗೆ ತಂತಿ ಬೆಸೆದು ಹೊರಗೆಳೆದೆ. ಪ್ಲಾಸ್ಟಿಕ್ ಟಿಫಿನ್ ಡಬ್ಬಿಯ ಮುಚ್ಚಳದೊಳಗೆ ಒತ್ತುವ ಗುಂಡಿ ಕೂರಿಸಿದೆ. ಬೋಳು ಪ್ಲಾಸ್ಟಿಕ್ಕು ತಣ್ಣಗೆ ತಾಗಿದರೆ ಮೇಘಾಳ ಕೈ ಇನ್ನೂ ಬಿಗಿಯುತ್ತಿತ್ತು. ಅದಕ್ಕೆ ಹಳೆಯ ಇಳಕಲ್ ಸೀರೆಯ ತುಂಡಿನೊಳಗೆ ಸ್ಪಂಜು ತುಂಬಿ ಹೊದಿಕೆ ಹೊಲಿದೆ, ಮೇಲೆ ಕಸೂತಿಯಲ್ಲಿ ಒಂದು ಗೋಪುರ ತೆಗೆದೆ, ಬೆರಳಿಗೆ ಏನಾದರೂ ತಿಳಿಯಲೆಂದು. ಮೇಘಾ ಅಂಗೈಯನ್ನು ಅದರ ಮೇಲೆ ಬೀಳಿಸಿದಳು. ನಾಯಿ ಬೊಗಳಿತು. ಅವಳು ನನ್ನ ಮುಖ ನೋಡಿದಳು, ನಾನು ಏನೂ ಮಾಡಿಲ್ಲವೆಂದು ಎರಡೂ ಕೈ ಎತ್ತಿ ತೋರಿಸಿದೆ. ಮತ್ತೆ ಕೈ ಬೀಳಿಸಿದಳು. ಆ ಸಂಜೆ ನಾಯಿ ಎಷ್ಟು ಬೊಗಳಿತೆಂದರೆ ಕೆಳಗಿನ ಮನೆಯ ಮುದುಕ ಕೋಲಿನಿಂದ ತನ್ನ ಛಾವಣಿಗೆ, ಅಂದರೆ ನಮ್ಮ ನೆಲಕ್ಕೆ, ಕುಟ್ಟಿದ.

ಈ ಕಪಾಟನ್ನು ಕಂಡ ಹೊರಗಿನವರೆಂದರೆ ಲವೀನಾ ಒಬ್ಬರೇ. ನಮ್ಮ ಮಹಡಿಯಲ್ಲೇ ಎರಡು ಬಾಗಿಲಾಚೆ ತಾಯಿಯ ಜೊತೆ ಇದ್ದರು. ಉಡುಪಿ ಕಡೆಯ ಕೊಂಕಣಿ ಮಾತಾಡುವ ಕ್ಯಾಥೊಲಿಕರು, ನನಗಿಂತ ಐದಾರು ವರ್ಷ ದೊಡ್ಡವರು. ಮೇಘಾಳ ಶಾಲೆಯ ಮಿನಿಬಸ್ಸಿನಲ್ಲಿ ಮಕ್ಕಳ ಜೊತೆ ಹೋಗಿಬರುವುದು ಅವರ ಕೆಲಸ. ಬೆಳಿಗ್ಗೆ ಲಿಫ್ಟಿನ ಹತ್ತಿರ ನಾನು ಕುರ್ಚಿ ಒಪ್ಪಿಸಿದರೆ ಸಂಜೆ ಅವರೇ ತಂದು ಬಿಡುತ್ತಿದ್ದರು. ಅದೇ ನಮ್ಮ ಗೆಳೆತನ. ನನ್ನ ಧಾರವಾಡದ ಮಾತಿಗೆ ಅವರು ನಗುತ್ತಿದ್ದರು, ಅವರ 'ಎಂತ'ಗೆ ನಾನು.

"ಎಂತ ಮಾರಾಯ್ರೆ ಇದು, ಕಪಾಟಿನೊಳಗೆ ರೇಡಿಯೋ ಸ್ಟೇಷನ್ನಾ?" ಎಂದರು ಮೊದಲ ದಿನ.

ನಾಯಿಯ ಸುದ್ದಿ ಬಸ್ಸಿನಲ್ಲಿ ಹರಡಿತು. ಲವೀನಾ ಇನ್ನೂ ಮೂರು ಮಕ್ಕಳ ಆಟಿಕೆ ತಂದುಕೊಟ್ಟರು. ತಾಳ ಬಡಿಯುವ ಕೋತಿ, ದೀಪದ ಕಾರು, ಹಾಡುವ ಕೋಳಿ. ಒಂದೊಂದನ್ನು ಕೊಡುವಾಗಲೂ ಏನಾದರೊಂದು ಕೇಳುತ್ತಿದ್ದರು.

"ಇಲ್ಲಿ ಕಿಟಕಿ ಇಲ್ಲ ಅಲ್ವಾ? ಹೊಗೆ ಎಲ್ಲಿಗೆ ಹೋಗ್ತದೆ?"

"ಮಗು ಸಾಲಿಗೆ ಹೋದಾಗಷ್ಟ ಮಾಡ್ತೀನ್ರಿ."

"ಫ್ಲ್ಯಾಟಿನಲ್ಲಿ ಹೀಗೆ ಮಾಡ್ಲಿಕ್ಕೆ ಬಿಡ್ತಾರಾ? ಕೌನ್ಸಿಲಿನವರು ಎಂತ ಹೇಳುದಿಲ್ವಾ?"

"ಅವರಿಗ್ಯಾರು ಹೇಳಾವ್ರು?" ಎಂದು ನಕ್ಕಿದ್ದೆ.

ಗುರುರಾಜರೂ ಕೇಳುತ್ತಿದ್ದರು. ಅವರು ಅಂಜುವ ಮನುಷ್ಯ. ಈ ದೇಶದಲ್ಲಿ ನಮ್ಮ ಹೆಸರು ಯಾವ ಕಾಗದದ ಮೇಲೂ ಬರಬಾರದು, ಬಂದರೆ ಒಳ್ಳೆಯದಕ್ಕೇ ಬರಬೇಕು ಎಂಬುದು ಅವರ ನಂಬಿಕೆ. ಮಧ್ಯಾಹ್ನ ಪಾಳಿ ಮುಗಿಸಿ ಬಂದವರೇ ಬಾಗಿಲಲ್ಲಿ ನಿಂತು ಮೂಗು ಏರಿಸುತ್ತಿದ್ದರು. ನವೆಂಬರಿನಲ್ಲಿ ಮೇಘಾಳಿಗೆ ಕೆಮ್ಮು ಹಿಡಿಯಿತು. ಪ್ರತಿ ಚಳಿಗಾಲವೂ ಹಿಡಿಯುತ್ತಿತ್ತು. ನಮ್ಮ ಜಿಪಿ ಡಾಕ್ಟರು ಕೂಡ ಅದನ್ನೇ ಹೇಳಿದರು.

"ಶೈಲಾ, ಆ ಹೊಗಿ ಕೂಸಿಗೆ ಒಳ್ಳೇದಲ್ಲ ಅನಸ್ತದ. ಸೀಸ ಇರ್ತದಲ್ಲ ಅದರಾಗ?" ಎಂದರು ಗುರುರಾಜ.

"ಸೀಸ ಹೊಗಿಯಾಗಿ ಹೋಗೂದಿಲ್ರಿ. ಅದು ರಾಳದ ಹೊಗಿ."

"ರಾಳ ಆದ್ರೂ ಹೊಗಿನೇ ಅಲ್ಲೇನು?"

"ನೀವು ನಿಮ್ಮ ಗೋದಾಮಿನ ಡಬ್ಬಿ ಜೋಡಸ್ರಿ. ಇದು ನನಗ ಗೊತ್ತದ."

ಆ ಮಾತು ಅವರಿಗೆ ಎಲ್ಲಿ ತಾಗಿತೆಂದು ನಾನು ತಿರುಗಿ ನೋಡಲಿಲ್ಲ. ಬಿ.ಕಾಂ. ಓದಿದ ಮನುಷ್ಯ ಅವರು.

ಡಿಸೆಂಬರ್ ಮೊದಲ ವಾರ ಕಾಗದ ಬಂತು. ಹೌಸಿಂಗ್ ಆಫೀಸಿನ ಕಂದು ಲಕೋಟೆ. ನೆಲಮಹಡಿಯ ಮನೆಯ ವಿಷಯವೇ ಇರಬೇಕೆಂದು ಒದ್ದೆ ಕೈಯಲ್ಲೇ ಒಡೆದೆ. 'ನಿಮ್ಮ ಮನೆಯ ಮುಂಬಾಗಿಲ ಪಕ್ಕದ ಕಪಾಟಿನಲ್ಲಿ ಕಾಯುವ ಉಪಕರಣ ಬಳಸಿ ವಿದ್ಯುತ್ ಕೆಲಸ ಮಾಡಲಾಗುತ್ತಿದೆ ಎಂಬುದು ನಮ್ಮ ಗಮನಕ್ಕೆ ಬಂದಿದೆ. ಇದು ಬಾಡಿಗೆ ಕರಾರಿಗೆ ವಿರುದ್ಧವಾಗಿರಬಹುದು. ಎರಡು ವಾರದೊಳಗೆ ನಮ್ಮ ಅಧಿಕಾರಿ ಬಂದು ನೋಡುತ್ತಾರೆ.' ಇಷ್ಟೇ ಇತ್ತು.

ಕರಾರು ಮುರಿದವರಿಗೆ ಮನೆ ಬದಲಿಸಿಕೊಡುವುದಿಲ್ಲ ಎಂಬುದು ಅರ್ಜಿಯ ಹಿಂದೆಯೇ ಅಚ್ಚಾಗಿತ್ತು. ನಾನು ಅಲ್ಲೇ ಪ್ಯಾಸೇಜಿನಲ್ಲಿ ಕುಕ್ಕರಗಾಲಲ್ಲಿ ಕೂತೆ.

ಮೊದಲು ಮನಸ್ಸು ಹೋದದ್ದು ಕೆಳಗಿನ ಮುದುಕನ ಮೇಲೆ. ಆದರೆ ಮುದುಕನಿಗೆ ಗೊತ್ತಿರುವುದು ನಾಯಿಯ ಸದ್ದು. ಕಪಾಟು ಅವನೆಲ್ಲಿ ನೋಡಿದ್ದಾನೆ? ಕಾಗದವನ್ನು ಮತ್ತೆ ಓದಿದೆ. ಮುಂಬಾಗಿಲ ಪಕ್ಕದ ಕಪಾಟು. ಕಾಯುವ ಉಪಕರಣ. ಒಳಗೆ ಬಂದು ಕಣ್ಣಾರೆ ಕಂಡವರು ಹೇಳಿದ ಮಾತು ಅದು. ಒಳಗೆ ಬಂದು ಕಂಡವರು ಒಬ್ಬರೇ.

ಆಮೇಲೆ ಒಂದೊಂದೇ ನೆನಪಾಗತೊಡಗಿತು. ಕಿಟಕಿ ಇಲ್ಲ ಅಲ್ವಾ. ಕೌನ್ಸಿಲಿನವರು ಎಂತ ಹೇಳುದಿಲ್ವಾ. ಅವರ ತಾಯಿಗೆ ಮೊಣಕಾಲು ನೋವು, ಲಿಫ್ಟು ಕೆಟ್ಟ ದಿನ ಚರ್ಚಿಗೂ ಹೋಗಲಾಗುವುದಿಲ್ಲ ಎಂದು ಲವೀನಾ ಎಷ್ಟೋ ಸಲ ಹೇಳಿದ್ದರು. ಒಮ್ಮೆ, ಬಹಳ ಸಹಜವಾಗಿ, "ನಾವು ಕೂಡ ಕೆಳಗಿನ ಮನೆಗೆ ಬರೆದುಕೊಟ್ಟಿದ್ದೇವೆ" ಎಂದೂ ಹೇಳಿದ್ದರು. ಆಗ ನಾನು "ಛೊಲೊ ಆತಲ್ರಿ" ಎಂದಿದ್ದೆ. ಈಗ ಆ ಮಾತು ತಲೆಯೊಳಗೆ ಬೇರೆಯೇ ದನಿಯಲ್ಲಿ ಕೇಳಿಸಿತು. ಇರುವುದು ಒಂದು ಮನೆ, ಸಾಲಿನಲ್ಲಿ ನಾವೂ ಇದ್ದೇವೆ, ಅವರೂ ಇದ್ದಾರೆ. ನಮ್ಮ ಹೆಸರು ಹೊಡೆದುಹೋದರೆ ಯಾರಿಗೆ ಲಾಭ?

ಗುರುರಾಜ ಬಂದಾಗ ಕಾಗದ ಕೊಟ್ಟೆ. ಓದಿ ಬಿಳಿಚಿಕೊಂಡರು. "ಅವರು ಬಂದು ನೋಡ್ಲಿ. ಈಗ ಎಲ್ಲಾ ತಗದಿಡು," ಎಂದು ಒಳಗೆ ಹೋದರು. ಲವೀನಾ ಬಗ್ಗೆ ಅವರಿಗೆ ನಾನು ಏನೂ ಹೇಳಲಿಲ್ಲ. ಅವರಿಗೆ ಹೇಳಿದರೆ ಜಗಳ ಬೇಡ ಅನ್ನುತ್ತಾರೆ. ನನಗೆ ಬೇಕಾದದ್ದು ಪುರಾವೆ.

ತೆಗೆದಿಡಲೂ ಇಲ್ಲ. ಕೋಳಿ ಅರ್ಧ ಬಿಚ್ಚಿಕೊಂಡು ಕೂತಿತ್ತು, ಕ್ರಿಸ್‌ಮಸ್ಸಿನ ಮುಂಚೆ ಅದು ಬೇಕೆಂದು ಒಂದು ಮಗು ಕಾಯುತ್ತಿತ್ತು. ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಕೆಲಸ ಮಾಡಿದೆ. ಹೊರಗೆ ಹೆಜ್ಜೆ ಸಪ್ಪಳವಾದರೆ ದೀಪ ಆರಿಸಿ ಉಸಿರು ಹಿಡಿಯುತ್ತಿದ್ದೆ. ಪೋಸ್ಟಿನವನು ಬಾಗಿಲ ಮುಂದೆ ಎರಡು ಕ್ಷಣ ಹೆಚ್ಚು ನಿಂತರೂ ಅನುಮಾನ. ಕಟ್ಟಡ ಗುಡಿಸುವ ಹೆಂಗಸು ನಗುತ್ತ ಹಲೋ ಅಂದರೂ, ಇವತ್ತೇಕೆ ನಕ್ಕಳು ಎಂದು ಯೋಚಿಸುತ್ತಿದ್ದೆ. ನನ್ನ ಮನೆಯ ಕಪಾಟಿನೊಳಗೆ ನಾನೇ ಕಳ್ಳಿಯಂತೆ ಕೂತಿದ್ದೆ.

ಆಗ ಒಂದು ಉಪಾಯ ಹೊಳೆಯಿತು. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಅವತ್ತು ಬಹಳ ಜಾಣತನ ಅನ್ನಿಸಿತ್ತು. ಲವೀನಾ ಸಂಜೆ ಮೇಘಾಳನ್ನು ತಂದು ಬಿಟ್ಟಾಗ ದನಿ ತಗ್ಗಿಸಿ ಹೇಳಿದೆ:

"ಕಪಾಟಿನಾಗಿನ ಕೆಲಸಾ ಬಿಟ್ಟೆರಿ. ಎಲ್ಲಾ ಬೆಡ್‌ರೂಮಿನಾಗ ಮಂಚದ ಕೆಳಗ ಇಟ್ಟೀನಿ. ಯಾರಿಗೂ ಹೇಳಬ್ಯಾಡ್ರಿ."

ಲವೀನಾ ನನ್ನ ಮುಖ ನೋಡಿದರು, ಒಂದು ಸಲ ಕಪಾಟಿನ ಕಡೆ ನೋಡಿದರು. "ಆಯ್ತು," ಎಂದರು. ಯಾಕೆ, ಏನು ಎಂದು ಕೇಳಲಿಲ್ಲ. ಯಾವಾಗಲೂ ನೂರು ಕೇಳುವವರು ಇವತ್ತೇಕೆ ಕೇಳಲಿಲ್ಲ? ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡೆ. ಅಧಿಕಾರಿ ಬಂದು ಮಂಚದ ಕೆಳಗೆ ಹುಡುಕಿದರೆ ಮುಗಿಯಿತು, ಚಾಡಿ ಹೇಳಿದ್ದು ಇವರೇ.

ಅಧಿಕಾರಿ ಬಂದದ್ದು ಮಂಜು ಕವಿದ ಒಂದು ಮಂಗಳವಾರ ಬೆಳಿಗ್ಗೆ. ಉದ್ದ ಕೋಟಿನ, ಮೆಲು ಮಾತಿನ ಇಂಗ್ಲಿಷ್ ಮನುಷ್ಯ. ಹಿಂದಿನ ದಿನವಷ್ಟೇ ಕೋಳಿಯನ್ನು ಮುಗಿಸಿ ಮೇಘಾಳ ಚೀಲದಲ್ಲಿ ಶಾಲೆಗೆ ಕಳಿಸಿ, ನಾನು ಉಳಿದ ಸಾಮಾನನ್ನು ಎರಡು ಅಕ್ಕಿ ಚೀಲಗಳಿಗೆ ತುಂಬಿ ಅಡುಗೆಮನೆಯ ಮೇಲಟ್ಟದಲ್ಲಿ ಇಟ್ಟಿದ್ದೆ. ಅವನು ಕಪಾಟು ತೆರೆದು ಮೀಟರು ನೋಡಿದ, ಟೈಲ್ಸಿನ ಮೇಲಿನ ಸುಟ್ಟ ಕಲೆ ನೋಡಿದ, ಏನೋ ಬರೆದುಕೊಂಡ. ಆಮೇಲೆ ಕೇಳಿದ: "ಬೆಡ್‌ರೂಮು ನೋಡಬಹುದೇ?"

ನನ್ನ ಕಿವಿ ಬಿಸಿಯಾಯಿತು. ಅವನು ಬೆಡ್‌ರೂಮಿಗೆ ಹೋಗಿ ಛಾವಣಿ ನೋಡಿದ, ಗೋಡೆ ನೋಡಿದ, ಬಗ್ಗಿ ಮಂಚದ ಕೆಳಗೂ ನೋಡಿದ. ಹಾಲು, ಅಡುಗೆಮನೆ, ಬಾತ್‌ರೂಮು, ಎಲ್ಲ ಕಡೆಯೂ ಹೀಗೆಯೇ ನೋಡಿದ. ಹೊಗೆ ಅಲಾರಂ ಎಲ್ಲೆಲ್ಲಿದೆ, ಪ್ಲಗ್ಗು ಎಲ್ಲೆಲ್ಲಿದೆ ಎಂದು ಬರೆದುಕೊಳ್ಳುತ್ತಿದ್ದ. ಅದು ನನಗೆ ಕಾಣಲೇ ಇಲ್ಲ. ಬಗ್ಗಿದ ಆ ಬೆನ್ನು ಮಾತ್ರ ಕಂಡಿತು.

"ಕೆಲಸ ಮಾಡುತ್ತಿದ್ದದ್ದು ನಿಜವೇ?" ಎಂದು ಕೇಳಿದ.

ಸುಳ್ಳು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಹಾಲಿನಲ್ಲಿ ಮೇಘಾಳ ನಾಯಿ ಕಂಡು ಅದನ್ನು ಕೈಗೆತ್ತಿಕೊಂಡ, ಗೋಪುರದ ಗುಂಡಿಯನ್ನು ಒತ್ತಿದ. ನಾಯಿ ಬೊಗಳಿತು. ಮೇಲಟ್ಟದಿಂದ ಚೀಲ ಇಳಿಸಿ ಎಲ್ಲ ತೋರಿಸಿದೆ. ಯಾರಿಗೂ ಮಾರಿಲ್ಲ, ಶಾಲೆಯ ಮಕ್ಕಳಿಗೆ ಮಾಡಿಕೊಡುತ್ತೇನೆ ಅಷ್ಟೇ ಎಂದೆ. ಅವನು ಒಳ್ಳೆಯದೆಂದೂ ಹೇಳಲಿಲ್ಲ, ಕೆಟ್ಟದ್ದೆಂದೂ ಹೇಳಲಿಲ್ಲ. "ಕಾಗದ ಬರೆಯುತ್ತೇವೆ," ಎಂದು ಹೊರಟುಹೋದ.

ಆ ಸಂಜೆ ಲವೀನಾ ಲಿಫ್ಟಿನಿಂದ ಮೇಘಾಳ ಕುರ್ಚಿ ತಳ್ಳಿಕೊಂಡು ಬರುವಾಗ ನಾನು ಅಲ್ಲೇ ಕಾದು ನಿಂತಿದ್ದೆ.

"ಬಂದಿದ್ರು ಅವರು. ಮಂಚದ ಕೆಳಗೂ ಬಗ್ಗಿ ನೋಡಿದ್ರು," ಎಂದೆ.

"ಯಾರು? ಎಂತ ಆಯ್ತು?"

"ನಿಮಗ ಗೊತ್ತಿಲ್ಲೇನ್ರಿ? ಕೆಳಗಿನ ಮನಿ ನಿಮಗ ಬೇಕಿತ್ತಂದ್ರ ನನಗ ಹೇಳಬಹುದಿತ್ತು. ಈ ಕೂಸಿನ ಹೆಸರಿನ ಮ್ಯಾಲೆ ಕಾಗದಾ ಬರಿಸೂದು ಬ್ಯಾಡಾಗಿತ್ತು."

ಲವೀನಾಗೆ ನಾನು ಏನು ಹೇಳುತ್ತಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದದ್ದು ಅವರ ಮುಖದಲ್ಲಿ ಕಂಡಿತು. ಮೇಘಾ ಕುರ್ಚಿಯಿಂದ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಕನ್ನಡ ಅವಳಿಗೆ ತಿಳಿಯುತ್ತದೆ. "ನೋ," ಎಂದಳು, ಯಾರಿಗೆಂದು ಗೊತ್ತಾಗಲಿಲ್ಲ. ಲವೀನಾ ಕುರ್ಚಿಯ ಬ್ರೇಕ್ ಹಾಕಿದರು, ಮೇಘಾಳ ಮಫ್ಲರ್ ಸರಿ ಮಾಡಿದರು, ತಮ್ಮ ಮನೆಯ ಬಾಗಿಲಿನತ್ತ ನಡೆದುಹೋದರು. ಸಿಕ್ಕಿಬಿದ್ದವರು ಮಾತಾಡುವುದಿಲ್ಲ ಎಂದು ನಾನು ಅಂದುಕೊಂಡೆ.

ಕ್ರಿಸ್‌ಮಸ್ ರಜೆ ಬಿಟ್ಟು, ಆಮೇಲಿನ ಮೂರು ವಾರ ಬಹಳ ಉದ್ದ. ಬೆಳಿಗ್ಗೆ ಎಂಟಕ್ಕೆ ಲಿಫ್ಟಿನ ಬಳಿ ಇಬ್ಬರೂ ಎದುರಾಗಲೇಬೇಕು. "ಗುಡ್ ಮಾರ್ನಿಂಗ್, ಮೇಘಾ," ಎಂದು ಅವರು ಕುರ್ಚಿ ತೆಗೆದುಕೊಳ್ಳುತ್ತಿದ್ದರು. ನನ್ನ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ನನ್ನ ಮಗಳನ್ನು ದಿನಾ ಇವರ ಕೈಗೇ ಕೊಡಬೇಕಲ್ಲ ಎಂಬ ಸಂಕಟ ಬೇರೆ. ಸಂಜೆ ಮೇಘಾಳ ಚೀಲ ತೆರೆದು, ಊಟದ ಡಬ್ಬಿ ಖಾಲಿಯಾಗಿದೆಯೇ, ಬಟ್ಟೆ ಬದಲಿಸಿದ್ದಾರೆಯೇ, ಕೈಗೆ ಗವುಸು ಹಾಕಿದ್ದಾರೆಯೇ ಎಂದು ಪರೀಕ್ಷೆ ಮಾಡುತ್ತಿದ್ದೆ. ಎಲ್ಲ ಸರಿಯಾಗಿಯೇ ಇರುತ್ತಿತ್ತು. ಸರಿಯಾಗಿದೆ ಎಂಬುದೂ ನನಗೆ ಸಮಾಧಾನ ಕೊಡಲಿಲ್ಲ.

ಜನವರಿಯಲ್ಲಿ ಎರಡನೆಯ ಕಾಗದ ಬಂತು. ಮೊದಲನೆಯದು ಎಲ್ಲರಿಗೂ ಕಳಿಸುವ ಅಚ್ಚಿನ ಒಕ್ಕಣೆ, ನಮ್ಮ ವಿವರ ತುಂಬಿದ್ದು. ಇದನ್ನು ಆ ಮೆಲುಮಾತಿನ ಮನುಷ್ಯ ತಾನೇ ಬರೆದಿದ್ದ. ಮೊದಲ ಸಾಲು ಹೀಗಿತ್ತು: 'ನಿಮ್ಮ ಪತಿ ನವೆಂಬರಿನಲ್ಲಿ ಟೆಲಿಫೋನ್ ಮಾಡಿ ಕೇಳಿದ ಪ್ರಶ್ನೆಗೆ ಉತ್ತರವಾಗಿ.'

ಆ ಸಾಲನ್ನು ದಾಟಿ ಮುಂದೆ ಓದಲು ಆಗಲಿಲ್ಲ. ಕಾಗದ ಬಂದ ದಿನದಿಂದ ಇವತ್ತಿನವರೆಗೆ ಗುರುರಾಜ, ಯಾರು ಹೇಳಿರಬಹುದು ಎಂದು ಒಂದು ಸಲವೂ ಕೇಳಿರಲಿಲ್ಲ. ಇಡೀ ಕಟ್ಟಡವನ್ನು ಅನುಮಾನಿಸಿದವಳಿಗೆ ಅದು ಹೊಳೆದಿರಲಿಲ್ಲ.

ಅವರು ಬಂದು ಶೂ ಬಿಚ್ಚುವಾಗ ಕಾಗದವನ್ನು ಮುಂದೆ ಹಿಡಿದೆ. ಒಂದು ಕಾಲಿನ ಶೂ ಹಾಗೇ ಇತ್ತು.

"ನಾ ದೂರು ಕೊಡಲಿಲ್ಲ ಶೈಲಾ. ಕೇಳಿದೆ ಅಷ್ಟ. ಫ್ಲ್ಯಾಟಿನಾಗ ಹಿಂಗ ಮಾಡಬಹುದೇನು, ಹೊಗಿ ಕೂಸಿಗೆ ತ್ರಾಸ ಆಗ್ತದೇನು ಅಂತ. ಅವರು ಅಡ್ರೆಸ್ ಕೇಳಿದ್ರು, ಕೊಟ್ಟೆ. ಕೊಡಬಾರದು ಅಂತ ಹೊಳೀಲಿಲ್ಲ."

"ನನ್ನ ಕೇಳಬಹುದಿತ್ತಲ್ಲ!"

"ಕೇಳಿದ್ನಲ್ಲ. ಡಬ್ಬಿ ಜೋಡಸು ಅಂದಿ."

ನಾನು ಕಾಗದವನ್ನು ಅವರ ಕೈಗೆ ಕೊಟ್ಟೆ.

"ಕಾಗದಾ ಬಂದ ದಿನಾನ ಹೇಳ್ಬೇಕಿತ್ತು," ಎಂದರು. "ಧೈರ್ಯ ಆಗಲಿಲ್ಲ. ಮನಿ ಕೈ ತಪ್ಪಿದ್ರ ಅದು ನನ್ನಿಂದನ ಅಂತ ಒಂದೂವರಿ ತಿಂಗಳಾತು, ನಿದ್ದಿ ಇಲ್ಲ."

"ನಾನು ಲವೀನಾ ಅವರಿಗೆ ಅಂದುಬಿಟ್ಟೀನ್ರಿ."

"ಏನಂದಿ?"

ಹೇಳಿದೆ. ಅವರು ಒಂದೇ ಶೂ ಹಾಕಿಕೊಂಡು ನೆಲದ ಮೇಲೆ ಕೂತುಬಿಟ್ಟರು.

ಕಾಗದದ ಉಳಿದ ಭಾಗವನ್ನು ಅವರೇ ಓದಿದರು. ಸ್ವಂತಕ್ಕೆ, ಮಾರದೆ, ಇಂಥ ಕೆಲಸ ಮಾಡಲು ಅಡ್ಡಿಯಿಲ್ಲ. ಮೀಟರಿನ ಪಕ್ಕದಲ್ಲಿ, ಕಿಟಕಿಯಿಲ್ಲದ ಕಪಾಟಿನಲ್ಲಿ ಮಾತ್ರ ಕೂಡದು. ತೆರೆಯುವ ಕಿಟಕಿಯ ಹತ್ತಿರ ಮಾಡಬೇಕು. ಮನೆ ಬದಲಿಸುವ ಅರ್ಜಿಗೆ ಇದರಿಂದ ತೊಂದರೆಯಿಲ್ಲ. ಒಂದೂವರೆ ತಿಂಗಳು ನಾನು ಯಾವುದಕ್ಕೆ ಹೆದರಿದ್ದೆನೋ ಅದು ಅರ್ಧ ಪುಟದಲ್ಲಿ ಮುಗಿದುಹೋಗಿತ್ತು. ಆಗಿಹೋದ ನಷ್ಟ ಎರಡು ಬಾಗಿಲಾಚೆ ಇತ್ತು.

ಲವೀನಾ ಬಾಗಿಲು ತೆರೆದರು, ಸರಪಳಿ ತೆಗೆಯಲಿಲ್ಲ. "ಅಮ್ಮ ಮಲಗಿದ್ದಾರೆ," ಎಂದರು.

ಅಲ್ಲೇ ಕಾರಿಡಾರಿನಲ್ಲಿ ನಿಂತು ಎಲ್ಲ ಹೇಳಿದೆ. ಮಂಚದ ಕೆಳಗಿನ ಸುಳ್ಳನ್ನು ಬಿಟ್ಟುಬಿಡಬಹುದಿತ್ತು; ಅದನ್ನೂ ಹೇಳಿದೆ, ಅವರನ್ನು ಪರೀಕ್ಷಿಸಲೆಂದೇ ಹಾಗೆ ಹೇಳಿದ್ದೆ ಎಂದು.

"ಅದು ಸುಳ್ಳು ಅಂತ ನನಗೆ ಅವತ್ತೇ ಗೊತ್ತಾಗಿತ್ತು," ಎಂದರು ಲವೀನಾ. "ಕಪಾಟಿನ ಬಾಗಿಲ ಅಡಿಯಲ್ಲಿ ಟವೆಲ್ ಇತ್ತು, ಅದರ ಮೇಲಿಂದ ಬೆಳಕು ಬರ್ತಿತ್ತು. ಗಂಡನಿಗೆ ಗೊತ್ತಾಗದ ಹಾಗೆ ಮಾಡ್ತಿದ್ದೀರಿ ಅಂತ ಎಣಿಸಿದೆ. ಅವರು ಕೆಳಗೆ ಸಿಕ್ಕಿದಾಗ ನನ್ನತ್ರ ಕೇಳಿದ್ರು, ಶೈಲಾ ಆ ಕೆಲಸ ನಿಲ್ಲಿಸಿದ್ದಾಳಾ ಅಂತ. ಹೌದು, ನಿಲ್ಲಿಸಿದ್ದಾರೆ, ಎಲ್ಲ ತೆಗೆದಿಟ್ಟಿದ್ದಾರೆ ಅಂದೆ. ನಿಮ್ಮ ಸುಳ್ಳು ಉಳೀಲಿ ಅಂತ ನಾನು ಸುಳ್ಳು ಹೇಳಿದೆ."

"ತಪ್ಪಾತ್ರಿ. ಭಾಳ ತಪ್ಪಾತು."

"ಆಯ್ತು. ತಪ್ಪಾಯ್ತು ಅಂದ್ರಿ, ನಾನು ಕೇಳಿದೆ." ಅವರ ದನಿ ಏರಲಿಲ್ಲ. "ಆದ್ರೆ ಆ ಮೂರು ವಾರ ದಿನಾ ಸಂಜೆ ಮಗುವಿನ ಚೀಲ ಚೆಕ್ ಮಾಡ್ತಿದ್ರಿ ಅಲ್ವಾ? ಬಾಗಿಲು ಹಾಕುವ ಮೊದಲೇ ಶುರು ಮಾಡ್ತಿದ್ರಿ, ಎಲ್ಲ ಕಾಣ್ತಿತ್ತು. ಅದೊಂದು ನನಗೆ ಮರೀಲಿಕ್ಕೆ ಆಗುದಿಲ್ಲ."

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಗುರುರಾಜ ಒಂದು ಭಾನುವಾರ ಯಾರೋ ಎಸೆದಿದ್ದ ಗಟ್ಟಿ ಮೇಜೊಂದನ್ನು ಹೊತ್ತು ತಂದು, ಕಾಲು ಕೊಯ್ದು ತಗ್ಗಿಸಿ, ಹಾಲಿನ ಕಿಟಕಿಯ ಕೆಳಗೆ ಇಟ್ಟರು. ಹಳೆಯ ಕಂಪ್ಯೂಟರಿನ ಫ್ಯಾನೊಂದನ್ನು ನಾನು ಕಿಟಕಿಯ ಸಂದಿಗೆ ಕಟ್ಟಿ ಹೊಗೆಯನ್ನು ಹೊರಗೆ ತಳ್ಳುವ ಹಾಗೆ ಮಾಡಿದೆ. ಅವರು ಅದರ ಮುಂದೆ ಊದಿನಕಡ್ಡಿ ಹಿಡಿದು ಪರೀಕ್ಷೆ ಮಾಡಿದರು. ಈಗ ಮೇಜಿನ ಮೇಲೆ ಏನಿದೆಯೆಂದು ಯಾರು ಬಂದರೂ ಕಾಣುತ್ತಿತ್ತು. ಬರುವವರು ಮಾತ್ರ ಇರಲಿಲ್ಲ. ಬಸ್ಸಿನ ಮಕ್ಕಳ ಆಟಿಕೆ ಬರುವುದು ನಿಂತಿತ್ತು.

ನೆಲಮಹಡಿಯ ಆ ಮನೆ ಫೆಬ್ರವರಿಯಲ್ಲಿ ತುಂಬಿತು. ನಮಗೂ ಸಿಗಲಿಲ್ಲ, ಲವೀನಾರ ತಾಯಿಗೂ ಸಿಗಲಿಲ್ಲ. ಬೇರೆ ಕಟ್ಟಡದಿಂದ ಯಾರೋ ವಯಸ್ಸಾದ ದಂಪತಿ ಬಂದರು. ನಮಗೆ ಕೆಳಗಿನ ಮನೆ ಸಿಕ್ಕಿದ್ದು ಎರಡು ವರ್ಷದ ಮೇಲೆ, ಕೊಲಿಂಡೇಲ್‌ನಲ್ಲಿ. ಲವೀನಾ ಆಮೇಲೆ ತಾಯಿಯನ್ನು ಕರೆದುಕೊಂಡು ತಮ್ಮನ ಮನೆಯ ಹತ್ತಿರ ಈಸ್ಟ್ ಹ್ಯಾಮ್‌ಗೆ ಹೋದರು. ಅವೆಲ್ಲ ಮುಂದಿನ ಮಾತು.

ಫೆಬ್ರವರಿಯ ಕೊನೆಗೆ ಒಂದು ಮಧ್ಯಾಹ್ನ ಬೆಲ್ಲಾಯಿತು. ಶಾಲೆಗೆ ರಜೆ ಇತ್ತು, ಮೇಘಾ ಮನೆಯಲ್ಲಿದ್ದಳು. ಬಾಗಿಲಲ್ಲಿ ಲವೀನಾ, ಕೈಯಲ್ಲಿ ಹಾಡುವ ಕೋಳಿ.

"ಇದರ ತಂತಿ ಕಿತ್ತು ಬಂದಿದೆ. ಆ ಮಗು ಊಟ ಬಿಟ್ಟು ಕೂತಿದೆ ಅಂತೆ," ಎಂದರು. "ಎಷ್ಟು ಹೊತ್ತು ಹಿಡೀತದೆ?"

"ಹತ್ತು ಮಿನಿಟು. ಒಳಗ ಬರ್ರಿ."

"ಬೇಡ. ಇಲ್ಲೇ ನಿಲ್ತೇನೆ."

ನಾನು ಮುಂಬಾಗಿಲು ಪೂರ್ತಿ ತೆರೆದೇ ಇಟ್ಟು ಮೇಜಿಗೆ ಹೋದೆ. ಅವರು ಕಾರಿಡಾರಿನಲ್ಲಿ ನಿಂತಲ್ಲಿಂದ ನನ್ನ ಕೈಯೂ ಕೆಲಸವೂ ಕಾಣುತ್ತಿತ್ತು. ಚಳಿಗಾಳಿ ಮನೆಯೊಳಗೆ ನೇರ ನುಗ್ಗಿ ಪರದೆ ಹಾರಿಸಿತು. ಐರನ್ ಕಾಯಲು ಇಟ್ಟು ಕೋಳಿಯ ಹೊಟ್ಟೆ ಬಿಚ್ಚಿದೆ. ಮೇಘಾ ಬಾಗಿಲಿನತ್ತ ಕತ್ತು ತಿರುಗಿಸಲು ಒದ್ದಾಡುತ್ತಿದ್ದಳು. ಯಾರು 'ನಿಲ್ತೇನೆ' ಎಂದದ್ದೆಂದು ಅವಳಿಗೆ ತಿಳಿದಿತ್ತು.

"ಕಮ್," ಎಂದಳು. ಆ ಶಬ್ದವನ್ನು ಅವಳು ಅಂದದ್ದು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಬಸ್ಸಿನಲ್ಲಿ ಕಲಿತಿರಬೇಕು.

ಲವೀನಾ ಚಪ್ಪಲಿ ಬಿಟ್ಟು ಒಳಗೆ ಬಂದರು. ನನ್ನನ್ನು ದಾಟಿ ಹೋಗಿ ಮೇಘಾಳ ಪಕ್ಕ ನೆಲದ ಮೇಲೆ ಕೂತರು, ನನಗೆ ಬೆನ್ನು ಮಾಡಿ. ತಂತಿ ಬೆಸೆದು, ಎಳೆದು ನೋಡಿ, ಹೊದಿಕೆಯ ಬಿಟ್ಟ ಹೊಲಿಗೆಯನ್ನೂ ಹಾಕಿ ಕೊಟ್ಟೆ. ಎರಡು ಸಲ ಒತ್ತಿ ನೋಡಿದರು. "ಸರಿ ಉಂಟು," ಎಂದರು. ಎದ್ದು ಬಾಗಿಲವರೆಗೆ ಹೋದವರು ನಿಂತರು.

"ಇನ್ನು ಎಂತಾದ್ರೂ ಡೌಟ್ ಬಂದ್ರೆ ನನ್ನತ್ರವೇ ಕೇಳಿ. ಮುಖಕ್ಕೇ ಕೇಳಿ."

"ಕೇಳ್ತೀನ್ರಿ," ಎಂದೆ. ಅವರು ಚಪ್ಪಲಿಗೆ ಕಾಲು ಹಾಕುತ್ತಿದ್ದರು. "ಈಗೊಂದು ಕೇಳ್ಲೇನು?"

"ಎಂತ?"

"ನಾಳೆ ಬರ್ತೀರೇನು?"

ಅವರು ಎರಡನೆಯ ಚಪ್ಪಲಿಯನ್ನೂ ಹಾಕಿಕೊಂಡರು.

"ನಾಳೆ ಆಗುದಿಲ್ಲ," ಎಂದರು. "ಗುರುವಾರ ಬರ್ತೇನೆ."

ಬುಧವಾರವಿಡೀ ನಾನು, ಬರುವುದಿಲ್ಲ, ಸುಮ್ಮನೆ ಹೇಳಿದ್ದಾರೆ ಎಂದುಕೊಳ್ಳುತ್ತಲೇ ಇದ್ದೆ. ಗುರುವಾರ ಬಂದರು.